ಗೊರಕೆ ನಿಂತಾಗ ಎದ್ದು ನೋಡಿ: ಸ್ಲೀಪ್ ಆಪ್ನಿಯಾ ಪತ್ತೆಯಿಂದ ಮಾಸ್ಕ್ ಒಗ್ಗುವವರೆಗೆ

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ಬೆಳಗಾವಿಗೆ ಹೊರಟಿದ್ದೆ. ಬೆಳಿಗ್ಗೆ ಚಹಾ ಹೀರುತ್ತ ಎದುರು ಬರ್ತಿನ ಹಿರಿಯರು ಅಂದರು: ‘ನಿಮ್ಮ ಗೊರಕಿ ಬಗ್ಗೆ ನಂದೇನೂ ತಕರಾರಿಲ್ರಿ. ಅದು ನಿಂತಾಗ ಮಾತ್ರ ನನ್ನ ಎದಿ ಝಲ್ ಅಂತಿತ್ತು. ಎರಡು ಸಲ ಎದ್ದು ನೋಡೀನಿ.’ ಮನೆಯಲ್ಲಿ ಹೆಂಡತಿ ಮೂರು ವರ್ಷದಿಂದ ಹೇಳುತ್ತಿದ್ದದ್ದೂ ಇದನ್ನೇ. ಹೊರಗಿನವರು ಹೇಳಿದ ಮೇಲೆ ನನ್ನ ಕಿವಿಗೆ ಬಿತ್ತು.

ಸ್ಲೀಪ್ ಆಪ್ನಿಯಾ ಎಂಬ ಈ ಕಾಯಿಲೆಯ ಫಜೀತಿಯೇ ಇದು. ಕಾಯಿಲೆ ನಡೆಯುವಾಗ ರೋಗಿ ನಿದ್ದೆಯಲ್ಲಿರುತ್ತಾನೆ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಾಗಿ, ನಾಲಿಗೆ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಹೊಟ್ಟೆಗಳು ಏರಿಳಿಯುತ್ತಲೇ ಇರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಒಂದು ಕ್ಷಣ ಎಬ್ಬಿಸುತ್ತದೆ, ದೊಡ್ಡದೊಂದು ಗುಟುರು, ಮತ್ತೆ ನಿದ್ದೆ. ಬೆಳಿಗ್ಗೆ ಇದ್ಯಾವುದರ ನೆನಪೂ ಇರುವುದಿಲ್ಲ. ಹಾಗಾಗಿ ಪತ್ತೆಯ ಕೆಲಸ ಸಾಕ್ಷಿ ಹುಡುಕುವುದರಿಂದಲೇ ಶುರುವಾಗಬೇಕು.

ಹೆಜ್ಜೆ 1: ಸಾಕ್ಷಿ ಹುಡುಕಿ

ಮನೆಯವರನ್ನು ‘ನಾನು ಗೊರಕೆ ಹೊಡೀತೀನಾ’ ಎಂದು ಕೇಳಬೇಡಿ. ‘ಗೊರಕೆ ನಡುನಡುವೆ ನಿಲ್ಲುತ್ತಾ, ಆಮೇಲೆ ಉಸಿರು ಕಟ್ಟಿದಂತೆ ಎಳೀತೀನಾ’ ಎಂದು ಕೇಳಿ. ಸಾಧ್ಯವಾದರೆ ಹೊದಿಕೆ ಸರಿಸಿ, ಎದೆ ಹೊಟ್ಟೆ ಕಾಣುವಂತೆ ಎರಡು ಮೂರು ನಿಮಿಷ ವಿಡಿಯೊ ಮಾಡಿಸಿ. ಡಾಕ್ಟರಿಗೆ ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ. ಒಬ್ಬರೇ ಇರುವವರು ದಿಂಬಿನ ಪಕ್ಕ ಫೋನಿಟ್ಟು ರಾತ್ರಿಯ ಸದ್ದು ರೆಕಾರ್ಡ್ ಮಾಡಬಹುದು.

ಹಗಲಿನ ಸುಳಿವುಗಳೂ ಇವೆ: ಎದ್ದಾಗ ತಲೆನೋವು, ಒಣಗಿದ ಬಾಯಿ, ಊಟವಾದ ಮೇಲೆ ಮೀಟಿಂಗಿನಲ್ಲಿ ತೂಕಡಿಕೆ, ಮಾತ್ರೆ ನುಂಗಿದರೂ ಬಗ್ಗದ ಬಿಪಿ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳುವುದನ್ನು ನಾವು ಶುಗರ್ ಮೇಲೋ ಪ್ರಾಸ್ಟೇಟ್ ಮೇಲೋ ಹಾಕಿ ಕೂರುತ್ತೇವೆ. ಅದೂ ಇದರ ಲಕ್ಷಣವಾಗಿರಬಹುದು. ಹೆಂಗಸರಲ್ಲಿ ಗೊರಕೆಗಿಂತ ಸುಸ್ತು, ನಿದ್ರೆ ಬಾರದಿರುವುದೇ ಮುಂದಾಗಿ ಕಾಣಬಹುದು. ‘ಮುಟ್ಟು ನಿಲ್ಲೋ ವಯಸ್ಸು, ಹಾಗೇ ಆಗುತ್ತೆ’ ಎಂದು ತಳ್ಳಿಹಾಕಬೇಡಿ. ತೆಳ್ಳಗಿದ್ದರೂ ಕೆಳದವಡೆ ಚಿಕ್ಕದಿದ್ದವರಿಗೆ, ಟಾನ್ಸಿಲ್ ದೊಡ್ಡದಿದ್ದವರಿಗೆ ಇದು ಬರುತ್ತದೆ.

ವೈದ್ಯರು ಬಳಸುವ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳನ್ನು ನೀವೇ ಹಾಕಿಕೊಳ್ಳಬಹುದು. ಜೋರು ಗೊರಕೆ, ಹಗಲಿನ ಸುಸ್ತು, ಉಸಿರು ನಿಂತದ್ದನ್ನು ಇನ್ನೊಬ್ಬರು ಕಂಡಿರುವುದು, ಬಿಪಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 35ಕ್ಕಿಂತ ಹೆಚ್ಚು, ವಯಸ್ಸು 50 ದಾಟಿರುವುದು, ಕುತ್ತಿಗೆಯ ಸುತ್ತಳತೆ 40 ಸೆಂ.ಮೀ. ಮೀರಿರುವುದು, ಗಂಡಸಾಗಿರುವುದು. ಮೂರಕ್ಕೆ ಹೌದು ಎಂದರೆ ಡಾಕ್ಟರನ್ನು ಕಾಣಿ. ಐದಾದರೆ ಮುಂದಕ್ಕೆ ಹಾಕಬೇಡಿ.

ಹೆಜ್ಜೆ 2: ಯಾವ ಡಾಕ್ಟರು?

ಶ್ವಾಸಕೋಶ ತಜ್ಞರು, ಇಎನ್‌ಟಿಯವರು, ನರರೋಗ ತಜ್ಞರು, ಮೂವರೂ ಇದನ್ನು ನೋಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಂಥ ಕಡೆ ನಿದ್ರೆಯ ತೊಂದರೆಗೆಂದೇ ಪರಿಣತರಿದ್ದಾರೆ. ನುಂಗುವ ಮಾತ್ರೆಗಳ ಪಟ್ಟಿ ಒಯ್ಯಿರಿ. ಸುಸ್ತಿಗೆಂದು ಸ್ವಂತಕ್ಕೆ ನಿದ್ರೆ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಮುಚ್ಚಿಡಬೇಡಿ. ಅಂಥ ಮಾತ್ರೆಯೂ ಮದ್ಯವೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ.

ಹೆಜ್ಜೆ 3: ಸ್ಲೀಪ್ ಸ್ಟಡಿ

ನಿದ್ದೆಯಲ್ಲಿ ಉಸಿರು, ಆಮ್ಲಜನಕ ಹೇಗಿರುತ್ತವೆ ಎಂದು ರಾತ್ರಿಯಿಡೀ ಅಳೆಯುವ ಪರೀಕ್ಷೆ ಇದು. ಮನೆಯಲ್ಲೇ ಮಾಡುವುದು ಸರಳ: ಬೆರಳಿಗೊಂದು ಕ್ಲಿಪ್, ಮೂಗಿಗೆ ಸಣ್ಣ ನಳಿಕೆ, ಎದೆಗೆ ಪಟ್ಟಿ. ಆಸ್ಪತ್ರೆಯದಾದರೆ ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ, ಕಾಲಿಗೆ ಪೇಸ್ಟ್ ಹಚ್ಚಿ ವೈರ್ ಅಂಟಿಸುತ್ತಾರೆ. ಅವತ್ತು ತಲೆಸ್ನಾನ ಮಾಡಿ, ಎಣ್ಣೆ ಮಾತ್ರ ಹಚ್ಚಬೇಡಿ. ಎಣ್ಣೆ ತಲೆಗೆ ವೈರ್ ನಿಲ್ಲುವುದಿಲ್ಲ. ಉಗುರುಬಣ್ಣ ತೆಗೆಯಿರಿ. ಮಧ್ಯಾಹ್ನದ ನಿದ್ದೆ ಬೇಡ, ಮಧ್ಯಾಹ್ನದ ಮೇಲೆ ಕಾಫಿಯೂ ಬೇಡ. ನಿಮ್ಮ ದಿಂಬನ್ನೇ ಒಯ್ಯಿರಿ. ‘ಇಷ್ಟು ವೈರ್ ಕಟ್ಟಿಕೊಂಡು ಯಾರಿಗೆ ನಿದ್ದೆ ಬರುತ್ತೆ’ ಎಂದು ನಾನು ಟೆಕ್ನಿಷಿಯನ್ ಹತ್ತಿರ ವಾದ ಹೂಡಿದ್ದೆ. ಹತ್ತು ನಿಮಿಷಕ್ಕೆ ಗೊರಕೆ ಶುರುವಾಯಿತಂತೆ.

ಹೆಜ್ಜೆ 4: ರಿಪೋರ್ಟ್ ಓದುವುದು

ಹಾಳೆಗಳು ಹತ್ತಾರು ಇದ್ದರೂ ಮೊದಲು ಹುಡುಕಬೇಕಾದದ್ದು ಎಎಚ್‌ಐ. ಕನಿಷ್ಠ 10 ಸೆಕೆಂಡು ಉಸಿರು ನಿಂತದ್ದು ಅಥವಾ ತೀರಾ ಕುಗ್ಗಿದ್ದು ಗಂಟೆಗೆ ಎಷ್ಟು ಸಲ ಎಂಬ ಲೆಕ್ಕ ಅದು. ದೊಡ್ಡವರಲ್ಲಿ 5ರೊಳಗೆ ಸಹಜ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ನನ್ನದು 41 ಇತ್ತು, ಸುಮಾರು ಒಂದೂವರೆ ನಿಮಿಷಕ್ಕೊಂದು ಸಲ. ಆಮ್ಲಜನಕ ಎಷ್ಟಕ್ಕೆ ಇಳಿದಿತ್ತು ಎಂಬುದನ್ನೂ ಕೇಳಿ. ಮನೆಯ ಪರೀಕ್ಷೆ ನಿದ್ದೆಯ ಗಂಟೆಗಳನ್ನಲ್ಲ, ಯಂತ್ರ ಓಡಿದ ಗಂಟೆಗಳನ್ನು ಲೆಕ್ಕ ಹಿಡಿಯುತ್ತದೆ. ಆದ್ದರಿಂದ ಅಂಕಿ ಕಡಿಮೆ ಬಂದೀತು. ಲಕ್ಷಣ ಜೋರಾಗಿದ್ದೂ ರಿಪೋರ್ಟ್ ‘ನಾರ್ಮಲ್’ ಎಂದರೆ ಆಸ್ಪತ್ರೆಯ ಪರೀಕ್ಷೆ ಮಾಡಿಸಿ.

ಹೆಜ್ಜೆ 5: ಯಂತ್ರ ಕೊಳ್ಳುವ ಮೊದಲು

ಸೌಮ್ಯವಿದ್ದರೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ದಂತ ಸಾಧನ ಸಾಕಾಗಬಹುದು. ಅದಕ್ಕೆ ಮೇಲ್ಪಟ್ಟವರಿಗೆ ಸಾಮಾನ್ಯವಾಗಿ ಹೇಳುವುದು ಸಿಪ್ಯಾಪ್, ಅಂದರೆ ಪೈಪು, ಮಾಸ್ಕಿನ ಮೂಲಕ ಗಾಳಿ ಊದುವ ಯಂತ್ರ. 1981ರಲ್ಲಿ ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸುಲಿವನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಇದರಿಂದ ಬರುವುದು ಆಕ್ಸಿಜನ್ ಅಲ್ಲ, ಕೋಣೆಯದೇ ಗಾಳಿ. ಆ ಗಾಳಿಯ ಒತ್ತಡ ಗಂಟಲು ಮುಚ್ಚದಂತೆ ತೆರೆದು ಹಿಡಿಯುತ್ತದೆ, ಅಷ್ಟೆ.

ಮೊದಲು ಬಾಡಿಗೆಗೆ ಸಿಗುತ್ತದಾ ವಿಚಾರಿಸಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಯಂತ್ರಕ್ಕಲ್ಲ, ಮಾಸ್ಕಿಗೆ. ಮೂಗಿನ ಹೊಳ್ಳೆಗೆ ಕೂರುವುದು, ಮೂಗು ಮುಚ್ಚುವುದು, ಮೂಗು ಬಾಯಿ ಎರಡನ್ನೂ ಮುಚ್ಚುವುದು ಎಂದು ಮೂರು ಬಗೆ. ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ಮಾಡೆಲ್ ನಂಬರ್ ನೋಡದೆ ಕೊಳ್ಳಬೇಡಿ. ಸದ್ದು ತಡೆಯುವ ಫೋಮ್ ಪುಡಿಯಾಗುವ ಅಪಾಯವಿದೆ ಎಂದು ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಲಕ್ಷಾಂತರ ಯಂತ್ರಗಳನ್ನು ವಾಪಸ್ ಕರೆಸಿಕೊಂಡಿತ್ತು.

ಹೆಜ್ಜೆ 6: ಮೊದಲ ತಿಂಗಳು

ಬಹಳ ಜನ ಕೈಚೆಲ್ಲುವುದು ಇಲ್ಲೇ. ನಾನು ಮೊದಲ ರಾತ್ರಿ ಹಾಕಿಕೊಂಡದ್ದು ನಲವತ್ತು ನಿಮಿಷ. ಮಾಸ್ಕ್ ಕಂಡು ಅವ್ವನಿಗೆ ಅಪ್ಪ ಕೊನೆಗೆ ಮಲಗಿದ್ದ ಐಸಿಯು ನೆನಪಾಗಿ, ನನ್ನ ಕೋಣೆಗೆ ಬರುವುದನ್ನೇ ಬಿಟ್ಟಳು. ಆಮೇಲೆ ಗೊತ್ತಾಯಿತು: ಇದನ್ನು ರಾತ್ರಿ ಕಲಿಯಬಾರದು. ಹಗಲು ಟಿವಿ ನೋಡುತ್ತ ಮಾಸ್ಕ್ ಸುಮ್ಮನೆ ಮುಖಕ್ಕೆ ಹಿಡಿಯಿರಿ, ಮರುದಿನ ಪಟ್ಟಿ ಕಟ್ಟಿ, ಅದರ ಮರುದಿನ ಗಾಳಿ ಹಚ್ಚಿ. ನಾಲ್ಕನೇ ಸಂಜೆ ಅವ್ವನೂ ಬಂದು ಪಕ್ಕದಲ್ಲಿ ಧಾರಾವಾಹಿ ನೋಡುತ್ತ ಕೂತಳು.

ಪಟ್ಟಿಯನ್ನು ನಿಂತುಕೊಂಡು ಬಿಗಿಯಬೇಡಿ. ಮಲಗಿ, ಗಾಳಿ ಹಚ್ಚಿ, ಆಮೇಲೆ ಸರಿಮಾಡಿ. ಮಲಗಿದಾಗ ಮುಖದ ಆಕಾರವೇ ಬೇರೆಯಾಗುತ್ತದೆ. ಸೋರುತ್ತಿದೆ ಎಂದು ಬಿಗಿದಷ್ಟೂ ಮೂಗಿನ ಮೇಲೆ ಗಾಯವಾಗುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಮಾಸ್ಕನ್ನು ಒಮ್ಮೆ ಮುಖದಿಂದ ಎತ್ತಿ ಮತ್ತೆ ಕೂರಿಸಿ. ಪೊದೆಮೀಸೆಯವರಿಗೆ ಹೊಳ್ಳೆಯ ಮಾಸ್ಕ್ ಸೋರಬಹುದು. ಗಾಳಿ ಮುಖಕ್ಕೆ ರಾಚಿದಂತಾದರೆ ‘ರ‍್ಯಾಂಪ್’ ಒತ್ತಿ, ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ಬಾಯಿ ಒಣಗಿದರೆ ನಿದ್ದೆಯಲ್ಲಿ ಬಾಯಿ ತೆರೆಯುತ್ತಿದ್ದೀರಿ, ಮಾಸ್ಕ್ ಬದಲಿಸುವ ಮಾತಾಡಿ. ಮೂಗು ಒಣಗಿದರೆ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಏರಿಸಿ. ಪೈಪಿನಲ್ಲಿ ನೀರು ಗುಳುಗುಳು ಎಂದರೆ ಇಳಿಸಿ. ಯಂತ್ರ ಹಾಸಿಗೆಗಿಂತ ಕೆಳಗಿರಲಿ. ಗಾಳಿ ನುಂಗಿ ಹೊಟ್ಟೆ ಉಬ್ಬರಿಸಿದರೆ ಡಾಕ್ಟರಿಗೆ ತಿಳಿಸಿ, ಒತ್ತಡವನ್ನು ನೀವೇ ತಿದ್ದಬೇಡಿ. ಎಚ್ಚರವಾದಾಗ ಮಾಸ್ಕ್ ದಿಂಬಿನ ಕೆಳಗೆ ಬಿದ್ದಿದ್ದರೆ ಬೇಜಾರಾಗದೆ ಮತ್ತೆ ಹಾಕಿಕೊಳ್ಳಿ.

ವೈದ್ಯರು ಬಳಕೆಯನ್ನು ಅಳೆಯುವ ರೂಢಿಯ ಗೆರೆ ಹತ್ತರಲ್ಲಿ ಏಳು ರಾತ್ರಿ, ರಾತ್ರಿಗೆ ಕನಿಷ್ಠ ನಾಲ್ಕು ಗಂಟೆ. ಅದು ಪಾಸ್ ಮಾರ್ಕು ಮಾತ್ರ. ನಿದ್ದೆಯಷ್ಟೂ ಹೊತ್ತು ಹಾಕಿದರೇ ಪೂರ್ತಿ ಫಲ. ಮಧ್ಯಾಹ್ನ ಅಡ್ಡಾದರೂ ಬೇಕು. ಈಗ ಸಾಕ್ಷಿ ಹೇಳುವುದು ಯಂತ್ರವೇ: ಎಎಚ್‌ಐ, ಸೋರಿಕೆ, ಗಂಟೆಗಳು ಅದರ ಕಾರ್ಡಿನಲ್ಲಿ ದಾಖಲಾಗುತ್ತವೆ. ನನ್ನ 41 ಮೂರನೇ ವಾರಕ್ಕೆ 4ಕ್ಕೆ ಇಳಿದಿತ್ತು. ಹಗಲಿನ ತೂಕಡಿಕೆ ಹೋಗಲು ಇನ್ನೂ ಒಂದು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಮುಟ್ಟಲಿಲ್ಲ.

ಹೆಜ್ಜೆ 7: ದಿನದ ಬದುಕು

ಮುಖಕ್ಕೆ ತಾಗುವ ಸಿಲಿಕಾನ್ ಭಾಗವನ್ನು ದಿನವೂ ಒರೆಸಿ, ಪೈಪನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ನೇತುಹಾಕಿ. ಹ್ಯುಮಿಡಿಫೈಯರಿನ ತೊಟ್ಟಿಗೆ ಡಿಸ್ಟಿಲ್ಡ್ ನೀರು, ಉಳಿದದ್ದನ್ನು ಬೆಳಿಗ್ಗೆ ಚೆಲ್ಲಿ. ಗ್ಯಾರೇಜಿನ ಬ್ಯಾಟರಿ ನೀರು ಬೇಡ. ಊದುಬತ್ತಿ, ಸೊಳ್ಳೆಬತ್ತಿ ಯಂತ್ರದ ಹತ್ತಿರ ಹಚ್ಚಬೇಡಿ. ನನ್ನ ಫಿಲ್ಟರ್ ಹದಿನೈದೇ ದಿನಕ್ಕೆ ಕಪ್ಪಾಗಿತ್ತು. ಕರೆಂಟು ಹೋಗುವ ಊರಾದರೆ ಯುಪಿಎಸ್ ಬೇಕು. ಅದರ ಮೇಲೆ ಓಡಿಸುವಾಗ ಹ್ಯುಮಿಡಿಫೈಯರ್ ಆರಿಸಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಯಾವುದೇ ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವವರಿಗೆ ‘ನನಗೆ ಸ್ಲೀಪ್ ಆಪ್ನಿಯಾ ಇದೆ’ ಎಂದು ಹೇಳಲೇಬೇಕು.

ವಿಮಾನದಲ್ಲಿ ಯಂತ್ರ ಕೈಚೀಲದ ಜೊತೆಗಿರಲಿ, ಲಗೇಜಿಗೆ ಹಾಕಬೇಡಿ. ರೈಲಿನ ಸಾಕೆಟ್ ಮೊಬೈಲಿಗೆಂದು ಕೊಟ್ಟದ್ದು, ಅದನ್ನು ನೆಚ್ಚಬೇಡಿ. ಮದುವೆ ಮನೆಗೆ ಹೊರಟರೆ ಬಟ್ಟೆಗಿಂತ ಮೊದಲು ಉದ್ದ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಚೀಲಕ್ಕೆ ಸೇರಿಸಿ. ಹಳ್ಳಿಮನೆಗಳಲ್ಲಿ ಸಾಕೆಟ್ ಬಾಗಿಲ ಪಕ್ಕದಲ್ಲಿರುತ್ತದೆ, ನಿಮಗೆ ಹಾಸಿದ ಚಾಪೆ ಆಚೆ ಗೋಡೆಗೆ.