ಜೇಬಿನೊಳಗಿನ ಉದ್ದ ಜೂಮ್: ಸಿಕ್ಕಿದ್ದೆಷ್ಟು, ಬಿಟ್ಟಿದ್ದೆಷ್ಟು

ಹೊಯ್ಸಳರ ಕಾಲದ ಗುಡಿಗಳಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೊರೆದಿಟ್ಟಿರುವ ಪೀಠಗಳ ಚಿತ್ರ ತೆಗೆದು, ಆ ಅಕ್ಷರಗಳನ್ನು ಬಿಡಿಸಿ ಓದಿ, ಊರುವಾರು ಜೋಡಿಸಿಡುವುದು ಹಲವು ವರ್ಷಗಳಿಂದ ನನ್ನ ಹವ್ಯಾಸ. ಬೇಲೂರಿನ ಚೆನ್ನಕೇಶವ ಗುಡಿಯ ಹೊರಭಾಗದಲ್ಲಿರುವ 38 ಮದನಿಕೆಗಳಲ್ಲಿ ಹಲವದರ ಪೀಠದ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳಿವೆ. ಆದರೆ ಅವೆಲ್ಲ ಸೂರಿನ ಕೆಳಗೆ, ಬರಿಗಣ್ಣಿಗೆ ಗೀರುಗಳಂತೆ ಮಾತ್ರ ಕಾಣುವಷ್ಟು ಎತ್ತರದಲ್ಲಿವೆ. ಅಲ್ಲಿ ಏಣಿ ಹಾಕುವಂತಿಲ್ಲ. ಟ್ರೈಪಾಡ್ ನಿಲ್ಲಿಸಬೇಕಾದರೆ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಬೇಕು. ಹೀಗಾಗಿ ನನಗೆ ಬೇಕಾಗಿದ್ದದ್ದು ದೂರದಿಂದ ಅಕ್ಷರ ಓದಿಸುವ, ಬಸ್ಸಿನಲ್ಲಿ ಹೋಗಿ ದಿನವಿಡೀ ಕೊರಳಲ್ಲಿ ನೇತುಹಾಕಿಕೊಂಡರೂ ಭಾರವೆನಿಸದ, ಕೈಯಲ್ಲೇ ಹಿಡಿದು ತೆಗೆಯಬಹುದಾದ ಒಂದು ಕ್ಯಾಮೆರಾ. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂಬಂಥ ಈ ಬೇಡಿಕೆಗೆ ಹತ್ತಿರವಾಗಿ ಕಂಡದ್ದು 2018ರಲ್ಲಿ ಬಂದ ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್ 740 ಎಚ್‌ಎಸ್.

ಅದರ ತೂಕ ಬ್ಯಾಟರಿ ಸಹಿತ ಸುಮಾರು 300 ಗ್ರಾಂ. ಜೂಮ್ 40 ಪಟ್ಟು, ಅಂದರೆ ಹಳೆಯ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಹೇಳುವುದಾದರೆ 24ರಿಂದ 960 ಮಿ.ಮೀ.ವರೆಗೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಎದ್ದು ಕಾಣುವುದು ಈ ‘ಪಟ್ಟು’ ಮಾತ್ರ. ನಾನು ನೋಡಿದ್ದು ಲೆನ್ಸಿನ ಅಂಚಿನಲ್ಲಿ ಸಣ್ಣದಾಗಿ ಬರೆದಿರುವ ಇನ್ನೊಂದು ಸಾಲನ್ನು: ನಿಜವಾದ ಸಂಗಮದೂರ (ಫೋಕಲ್ ಲೆಂತ್) 4.3ರಿಂದ 172 ಮಿ.ಮೀ., ಅಪರ್ಚರ್ ಎಫ್ 3.3ರಿಂದ ಎಫ್ 6.9. ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 172ನ್ನು 6.9ರಿಂದ ಭಾಗಿಸಿದರೆ ಸುಮಾರು 25 ಮಿ.ಮೀ. ದೂರದ ವಸ್ತುವಿನಿಂದ ಎಷ್ಟು ಬೆಳಕು, ಎಷ್ಟು ಸೂಕ್ಷ್ಮ ವಿವರ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ತಲುಪಬಹುದೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಒಂದು ಅಂಗುಲದ ಕಿಂಡಿಯೇ. ಜೂಮ್ ಎಷ್ಟು ‘ಪಟ್ಟು’ ಎಂಬುದಕ್ಕಿಂತ ಈ ಅಂಕಿ ಹೆಚ್ಚು ಪ್ರಾಮಾಣಿಕವೆಂಬುದು ನನ್ನ ಅಭಿಪ್ರಾಯ.

ಇದೇ ಲೆಕ್ಕವನ್ನು ಬೇರೆ ಕ್ಯಾಮೆರಾಗಳ ಮೇಲೂ ಹಾಕಿ ನೋಡಿದಾಗ ಆಯ್ಕೆಯ ಸ್ವರೂಪ ಬದಲಾಯಿತು. ನಿಕಾನ್ ಕೂಲ್‌ಪಿಕ್ಸ್ ಪಿ 900ರಲ್ಲಿ 357 ಮಿ.ಮೀ. ಸಂಗಮದೂರ, ಎಫ್ 6.5, ಕಿಂಡಿ ಸುಮಾರು 55 ಮಿ.ಮೀ., ತೂಕ 899 ಗ್ರಾಂ. 125 ಪಟ್ಟು ಜೂಮ್‌ನ ಪಿ 1000ರಲ್ಲಿ 539 ಮಿ.ಮೀ., ಎಫ್ 8. ಕಿಂಡಿ ಸುಮಾರು 67 ಮಿ.ಮೀ., ತೂಕ 1,415 ಗ್ರಾಂ. ಲೆನ್ಸ್ ಬದಲಾಯಿಸಬಹುದಾದ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಹಾಕುವ 150-600 ಮಿ.ಮೀ. ಲೆನ್ಸ್‌ಗಳಲ್ಲಿ ಎಫ್ 6.3 ಇದ್ದಾಗ ಕಿಂಡಿ 95 ಮಿ.ಮೀ. ಆಗುತ್ತದೆ, ಲೆನ್ಸ್ ಒಂದರ ತೂಕವೇ ಎರಡು ಕಿಲೋ ಮುಟ್ಟುತ್ತದೆ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಆ ದೊಡ್ಡ ಲೆನ್ಸ್ ಅದೇ ವಸ್ತುವಿನಿಂದ ನನ್ನ ಪುಟ್ಟ ಕ್ಯಾಮೆರಾಕ್ಕಿಂತ ಹದಿನಾಲ್ಕು ಪಟ್ಟು ಬೆಳಕನ್ನು ಹಿಡಿಯುತ್ತದೆ. ಗಾಜಿನ ಅಗಲವನ್ನು ಕಡಿಮೆ ಮಾಡದೆ ತೂಕವನ್ನು ಬಹಳಷ್ಟು ಕಡಿಮೆ ಮಾಡುವುದು ಸುಲಭವಲ್ಲ.

ಇನ್ನೂ ಕುತೂಹಲದ ಹೋಲಿಕೆ ಪ್ಯಾನಸೋನಿಕ್ ಟಿಝೆಡ್ 200ರದು. ಅದು 340 ಗ್ರಾಂ ತೂಗುವ, ಹೆಚ್ಚುಕಡಿಮೆ ಇಷ್ಟೇ ಗಾತ್ರದ ಕ್ಯಾಮೆರಾ. ಜೂಮ್ ಕೇವಲ 15 ಪಟ್ಟು, ಆದರೆ ಸೆನ್ಸರ್ ‘ಒಂದು ಇಂಚು’ ವರ್ಗದ್ದು, ನನ್ನದರ ಸೆನ್ಸರ್‌ಗಿಂತ ವಿಸ್ತೀರ್ಣದಲ್ಲಿ ಸುಮಾರು ನಾಲ್ಕು ಪಟ್ಟು ದೊಡ್ಡದು. ಹಳೆಯ ಫಿಲ್ಮ್ ಲೆಕ್ಕದ 360 ಮಿ.ಮೀ. ತುದಿಯಲ್ಲಿ ಅದರ ಕಿಂಡಿ ಸುಮಾರು 20.6 ಮಿ.ಮೀ. ಅಂದರೆ 40 ಮತ್ತು 15ರ ನಡುವೆ ಕಾಣುವ ಅಜಗಜಾಂತರ ಕಿಂಡಿಯ ಲೆಕ್ಕದಲ್ಲಿ 25 ಮತ್ತು 20.6ಕ್ಕೆ ಕುಗ್ಗುತ್ತದೆ. ಅದರಲ್ಲಿ ತೆಗೆದ ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡಿದರೆ 960 ಮಿ.ಮೀ.ಗೆ ಸಮನಾದ ಚೌಕಟ್ಟಿನಲ್ಲಿ ಮೂರು ಮೆಗಾಪಿಕ್ಸೆಲ್‌ಗೂ ಕಡಿಮೆ ಉಳಿಯುತ್ತದೆ ಎಂಬುದು ನಿಜವೇ. ಆದರೆ ಪ್ರವಾಸದಲ್ಲಿ ಮನೆಮಂದಿಯ ಚಿತ್ರಗಳೇ ಹೆಚ್ಚಾಗಿದ್ದು ದೂರದ ವಸ್ತು ಅಪರೂಪಕ್ಕೆ ಬೇಕಾಗುವವರಿಗೆ ನಾನು ಅದನ್ನೇ ಸೂಚಿಸುತ್ತೇನೆ. ನನ್ನ ಕೆಲಸದಲ್ಲಿ ಲೆನ್ಸ್ ಬಹುಪಾಲು ಸಮಯ ಕೊನೆಯ ತುದಿಯಲ್ಲೇ ಇರುತ್ತದೆ. ಸ್ಥಳದಲ್ಲೇ ತೆರೆಯ ಮೇಲೆ ಅಕ್ಷರ ಓದಿ, ಸರಿಯಿಲ್ಲದಿದ್ದರೆ ಕೂಡಲೇ ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಆದ್ದರಿಂದ 40 ಪಟ್ಟನ್ನೇ ಆರಿಸಿದೆ.

ಈ ಆಯ್ಕೆಯಿಂದ ಬಿಟ್ಟುಕೊಡಬೇಕಾದದ್ದನ್ನೂ ಅಂಕಿಯಲ್ಲೇ ಹೇಳಬಹುದು. ಸೆನ್ಸರ್‌ನ ಅಗಲ ಸುಮಾರು 6.2 ಮಿ.ಮೀ.; ಅದರಲ್ಲಿ ಅಡ್ಡಸಾಲಿಗೆ 5,184 ಪಿಕ್ಸೆಲ್‌ಗಳನ್ನು ತುಂಬಿದ್ದಾರೆ, ಒಂದೊಂದು ಪಿಕ್ಸೆಲ್ ಸುಮಾರು 1.2 ಮೈಕ್ರಾನ್. ಎಫ್ 6.9ರ ಕಿಂಡಿಯ ಮೂಲಕ ಬಂದ ಹಸಿರು ಬೆಳಕಿನ ಒಂದು ಬಿಂದುವು ವಿವರ್ತನೆಯಿಂದಾಗಿ, ಅಂದರೆ ಕಿಂಡಿಯ ಅಂಚಿನಲ್ಲಿ ಬೆಳಕು ಬಾಗುವುದರಿಂದ, ಸುಮಾರು 9 ಮೈಕ್ರಾನ್ ಅಗಲದ ಚುಕ್ಕೆಯಾಗಿ ಹರಡುತ್ತದೆ, ಅಂದರೆ ಏಳೆಂಟು ಪಿಕ್ಸೆಲ್‌ಗಳನ್ನು ಆವರಿಸುತ್ತದೆ. 20 ಮೆಗಾಪಿಕ್ಸೆಲ್ ಎಂಬ ಮಾತು ಪೂರ್ಣ ಜೂಮ್‌ನಲ್ಲಿ ಹೆಸರಿಗೆ ಮಾತ್ರ. ಇದು ಇಷ್ಟು ಸಣ್ಣ ಸೆನ್ಸರ್ ಮತ್ತು ಇಷ್ಟು ಉದ್ದ ಜೂಮ್ ಒಟ್ಟಿಗಿರುವ ಎಲ್ಲ ಕ್ಯಾಮೆರಾಗಳ ಹಣೆಬರಹ. ಅದಕ್ಕಾಗಿ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ನೂರಕ್ಕೆ ನೂರು ಗಾತ್ರದಲ್ಲಿ ಹಿಗ್ಗಿಸಿ ಕೊರಗುವ ಬದಲು, ಅರ್ಧ ಅಗಲಕ್ಕೆ ಇಳಿಸಿಯೇ ಕಡತದಲ್ಲಿಡುತ್ತೇನೆ. ಕಳೆದುಕೊಳ್ಳುವಂಥದ್ದೇನೂ ಅಲ್ಲಿರುವುದಿಲ್ಲ.

ಅಕ್ಷರ ಓದುವ ಕೆಲಸಕ್ಕೆ ಇಷ್ಟು ಸಾಕೇ ಎಂದರೆ, ಧಾರಾಳವಾಗಿ ಸಾಕು. ಹತ್ತು ಮೀಟರ್ ದೂರದಿಂದ ಪೂರ್ಣ ಜೂಮ್ ಮಾಡಿದರೆ ಸುಮಾರು 36 ಸೆಂ.ಮೀ. ಅಗಲದ ಭಾಗ ಚೌಕಟ್ಟನ್ನು ತುಂಬುತ್ತದೆ; ವಿವರ್ತನೆಯನ್ನು ಕಳೆದ ಮೇಲೂ ಅರ್ಧ ಮಿಲಿಮೀಟರಿನಷ್ಟು ಸಣ್ಣ ಗೆರೆ ಉಳಿಯುತ್ತದೆ. ಬೆರಳಗಲದ ಅಕ್ಷರಕ್ಕೆ ಅದು ಬೇಕಾದದ್ದಕ್ಕಿಂತ ಹೆಚ್ಚು. ಬೇಲೂರಿನ ಒಂದು ಮದನಿಕೆಯ ತಲೆಯ ಮೇಲಿನ ಎಲೆಗಳ ಚಪ್ಪರದಲ್ಲಿ ಹಲಸಿನ ಹಣ್ಣಿದೆ, ಹಣ್ಣಿನ ಮೇಲೆ ನೊಣ ಕೂತಿದೆ, ನೊಣದ ಮೇಲೆರಗಲು ಹಲ್ಲಿಯೊಂದು ಹೊಂಚು ಹಾಕಿದೆ. ಮಾರ್ಗದರ್ಶಿಗಳು ಕೈತೋರಿಸಿದರೂ ಬಹಳ ಮಂದಿ ಕಾಣದೆಯೇ ‘ಹೌದು ಹೌದು’ ಎಂದು ತಲೆಯಾಡಿಸಿ ಮುಂದೆ ಹೋಗುವ ಈ ಕೆತ್ತನೆ ನನ್ನ ಕ್ಯಾಮೆರಾದ ತೆರೆಯ ಮೇಲೆ ಸ್ಪಷ್ಟವಾಗಿ ಮೂಡುತ್ತದೆ.

ಉದ್ದ ಜೂಮ್‌ನ ಇನ್ನೊಂದು ಪ್ರಯೋಜನವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಗುಡಿಯ ಸುತ್ತಲಿನ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಗೋಡೆಗೆ ಹತ್ತಿರ ನಿಂತರೆ ಕ್ಯಾಮೆರಾವನ್ನು ತೀರ ಮೇಲಕ್ಕೆ ಓರೆ ಮಾಡಬೇಕು. ಆಗ ಮದನಿಕೆಯ ಕಾಲು ದಪ್ಪವಾಗಿ, ತಲೆ ಸಣ್ಣದಾಗಿ, ಪೀಠದ ಅಕ್ಷರಗಳು ಕುಗ್ಗಿ ಕಾಣುತ್ತವೆ. ಅಂಗಳಕ್ಕೆ ಇಳಿದು ದೂರ ಹೋದಷ್ಟೂ ಆ ಓರೆ ಕಡಿಮೆಯಾಗುತ್ತದೆ, ಶಿಲ್ಪ ತನ್ನ ನಿಜವಾದ ಅಳತೆಗೆ ಮರಳುತ್ತದೆ. ಹಾಗೆ ಹಿಂದೆ ಸರಿಯುವ ಸ್ವಾತಂತ್ರ್ಯವನ್ನು ಕೊಡುವುದು ಜೂಮ್. ನನ್ನ ಮಟ್ಟಿಗೆ ಈ ಕ್ಯಾಮೆರಾದ ಅತಿ ದೊಡ್ಡ ಗುಣ ಇದೇ.

ಬೆಳಕಿನ ಹೊತ್ತನ್ನು ಮಾತ್ರ ಕಾಯಲೇಬೇಕು. ಮದನಿಕೆಗಳು ಸೂರಿನಡಿ ಓರೆಯಾಗಿ ನಿಂತಿರುವುದರಿಂದ ನಡುಮಧ್ಯಾಹ್ನದ ಬಿಸಿಲು ಅವುಗಳಿಗೆ ತಾಗುವುದೇ ಇಲ್ಲ. ಪೂರ್ವದ ಮುಖಕ್ಕೆ ಬೆಳಗಿನ ಎಳೆಬಿಸಿಲು, ಪಶ್ಚಿಮಕ್ಕೆ ಸಂಜೆಯದು, ದಕ್ಷಿಣದ ಕಡೆಗೆ ಸೂರ್ಯ ಬಾಗುವ ಡಿಸೆಂಬರ್ ಮತ್ತು ಜನವರಿ ಒಳ್ಳೆಯವು. ನೇರ ಬಿಸಿಲಿದ್ದರೆ ಎಫ್ 6.9, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100ರಲ್ಲೇ ಷಟರ್ ವೇಗ 1/500 ಸೆಕೆಂಡಿನ ಸುಮಾರಿಗೆ ಸಿಗುತ್ತದೆ. ಅದೇ ಶಿಲ್ಪ ನೆರಳಿಗೆ ಸರಿದರೆ ವೇಗ 1/60ಕ್ಕೋ ಅದಕ್ಕೂ ಕೆಳಗೋ ಇಳಿಯುತ್ತದೆ, ಐಎಸ್‌ಒ ಏರಿಸಬೇಕಾಗುತ್ತದೆ. 400ರವರೆಗೆ ನನ್ನ ತಕರಾರಿಲ್ಲ, 800ನ್ನು ಸಹಿಸುತ್ತೇನೆ. ಅದರಾಚೆಗೆ ಕ್ಯಾಮೆರಾದ ತಂತ್ರಾಂಶ ಚಿತ್ರದಲ್ಲಿ ಮೂಡುವ ಕಲೆಗಳನ್ನು ಒರೆಸುವ ನೆಪದಲ್ಲಿ ಕಲ್ಲಿನ ಉಳಿಯ ಗುರುತುಗಳನ್ನೂ ಒರೆಸಿಹಾಕುತ್ತದೆ. ಹಾಗಾಗಿ ಐಎಸ್‌ಒ ಮಿತಿಯನ್ನು 800ಕ್ಕೆ ಕಟ್ಟಿಹಾಕಿದ್ದೇನೆ, ಡಿಜಿಟಲ್ ಜೂಮ್ ಅನ್ನು ಪೂರ್ತಿ ನಿಲ್ಲಿಸಿಬಿಟ್ಟಿದ್ದೇನೆ.

960 ಮಿ.ಮೀ.ನಲ್ಲಿ ಕೈ ನಡುಗುವುದನ್ನು ಲೆನ್ಸಿನೊಳಗಿನ ಸ್ಥಿರತೆಯ ವ್ಯವಸ್ಥೆ ಬಹಳಷ್ಟು ತಡೆಯುತ್ತದೆ, ಉಳಿದದ್ದು ನಮ್ಮ ಕೆಲಸ. ಟ್ರೈಪಾಡ್ ಸಿಕ್ಕಿಸುವ ಕಾಲಿಂಚಿನ ತೂತಿಗೆ ಒಂದು ಸಣ್ಣ ಬೋಲ್ಟ್ ತಿರುಗಿಸಿ, ಅದಕ್ಕೆ ನೆಲ ಮುಟ್ಟುವಷ್ಟು ಉದ್ದದ ಗಟ್ಟಿ ದಾರ ಕಟ್ಟಿದ್ದೇನೆ. ದಾರದ ತುದಿಯನ್ನು ಪಾದದಿಂದ ಮೆಟ್ಟಿ ಕ್ಯಾಮೆರಾವನ್ನು ಮೇಲಕ್ಕೆ ಎಳೆದು ಹಿಡಿದರೆ ಮೇಲುಕೆಳಗಿನ ಅಲುಗಾಟ ಬಹುಪಾಲು ನಿಂತುಹೋಗುತ್ತದೆ. ಮೇಲಕ್ಕೆ ಮಡಚಬಹುದಾದ ತೆರೆ ಇಲ್ಲಿ ಉಪಕಾರಿ. ಕ್ಯಾಮೆರಾವನ್ನು ಎದೆಮಟ್ಟದಲ್ಲೇ ಇಟ್ಟು, ಕತ್ತು ನೋಯಿಸಿಕೊಳ್ಳದೆ ಕೆಳಗೆ ನೋಡುತ್ತ ಮೇಲಿನದನ್ನು ತೆಗೆಯಬಹುದು. ಒಂದೇ ಪೀಠಕ್ಕೆ ಐದಾರು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು, ಅವುಗಳಲ್ಲಿ ಹರಿತವಾದ ಒಂದನ್ನು ಉಳಿಸಿಕೊಳ್ಳುತ್ತೇನೆ.

ಈ ಕ್ಯಾಮೆರಾದಲ್ಲಿ, ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸಿ ಆಮೇಲೆ ತಿದ್ದಲು ಬಿಡುವ ರಾ ಕಡತವಿಲ್ಲ, ಜೆಪೆಗ್ ಮಾತ್ರ. ಆದ್ದರಿಂದ ಬೆಳಕಿನ ಹದವನ್ನು ತೆಗೆಯುವಾಗಲೇ ಸರಿಮಾಡಿಕೊಳ್ಳಬೇಕು. ಬೆಳ್ಳಗಿನ ಆಕಾಶದ ಎದುರು ಕಪ್ಪು ಬಳಪದ ಕಲ್ಲಿನ ಶಿಲ್ಪವಿದ್ದರೆ ಕ್ಯಾಮೆರಾ ಆಕಾಶವನ್ನು ನಂಬಿ ಶಿಲ್ಪವನ್ನು ಮಸಿ ಮಾಡುತ್ತದೆ. ಅಲ್ಲಿ ಎಕ್ಸ್‌ಪೋಷರ್ ಅನ್ನು ಪ್ಲಸ್ ಒಂದರವರೆಗೆ ಏರಿಸುತ್ತೇನೆ. ಹಸಿರಿನ ಎದುರು ಬಿಳಿ ಕೊಕ್ಕರೆಯಾದರೆ ಇದಕ್ಕೆ ತದ್ವಿರುದ್ಧ, ಮೈನಸ್ ಮೂರನೆಯ ಎರಡು ಭಾಗ.

ಗುಡಿಯ ಒಳಗೆ ಕಾಲಿಟ್ಟ ಕೂಡಲೇ ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತೇನೆ. ಅಗಲ ಕೋನದಲ್ಲಿ ಇದರ ಕಿಂಡಿ, 4.3ನ್ನು 3.3ರಿಂದ ಭಾಗಿಸಿದರೆ, ಕೇವಲ 1.3 ಮಿ.ಮೀ. ಈಚಿನ ಒಳ್ಳೆಯ ಫೋನಿನ ಮುಖ್ಯ ಕ್ಯಾಮೆರಾದಲ್ಲಿ ಅದು 3 ಮಿ.ಮೀ. ದಾಟುತ್ತದೆ, ಜೊತೆಗೆ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುವ ತಂತ್ರಾಂಶವೂ ಇರುತ್ತದೆ. ಗುಡಿಯೊಳಗಿನ ಮಂಟಪವಾದ ನವರಂಗದ ಮಬ್ಬಿನಲ್ಲಿ ಕಡೆದ ಕಂಬಗಳನ್ನು ತೆಗೆಯಲು ನಾನು ಬಳಸುವುದು ಫೋನನ್ನೇ. ಪ್ರತ್ಯೇಕ ಕ್ಯಾಮೆರಾ ಕೊಂಡ ಮೇಲೂ ಫೋನು ಬಳಸಬೇಕೇ ಎಂದು ಕೆಲವರು ಕೇಳುವುದುಂಟು. ಕೊಂಡದ್ದು ಉದ್ದದ ತುದಿಗಾಗಿ. ಗಿಡ್ಡ ತುದಿ ಅದರ ಜೊತೆಗೆ ಬಂದದ್ದು.

ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಇದೇ ಕ್ಯಾಮೆರಾ ಹಿಡಿದಾಗ ಅದರ ಎರಡು ಮುಖಗಳೂ ಒಟ್ಟಿಗೆ ಕಾಣುತ್ತವೆ. ದೋಣಿ ನಡುಗಡ್ಡೆಗೆ ಹತ್ತಿರ ಹೋಗುವುದರಿಂದ ಗೂಡಿನ ಮೇಲೆ ನಿಂತ ಬಣ್ಣದ ಕೊಕ್ಕರೆಯನ್ನು ಚೌಕಟ್ಟಿನಲ್ಲಿ ತುಂಬಿಸಲು ಅರ್ಧ ಜೂಮ್ ಸಾಕು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯಂತೂ ಕ್ಯಾಮೆರಾಕ್ಕಾಗಿಯೇ ಕೂತಂತಿರುತ್ತದೆ. ಹಾರುವ ಹಕ್ಕಿಯ ವಿಷಯ ಬೇರೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಬಿಸಿಲಿನಲ್ಲಿ ತೆರೆ ಮಂಕಾಗುತ್ತದೆ, ಪೂರ್ಣ ಜೂಮ್‌ನಲ್ಲಿ ಐವತ್ತು ಮೀಟರ್ ದೂರದಲ್ಲೂ ಕಾಣುವ ಅಗಲ 1.8 ಮೀಟರ್ ಮಾತ್ರ. ಹಕ್ಕಿ ಚೌಕಟ್ಟಿನಿಂದ ತಪ್ಪಿದರೆ ಮತ್ತೆ ಹುಡುಕಲು ಒಂದು ಗುಂಡಿಯಿದೆ. ಒತ್ತಿ ಹಿಡಿದರೆ ಜೂಮ್ ತಾನಾಗಿ ಹಿಂದೆ ಸರಿದು, ಬಿಟ್ಟರೆ ಮೊದಲಿನ ದೂರಕ್ಕೆ ಮರಳುತ್ತದೆ. ಕೂತ ಹಕ್ಕಿಗೆ ಇದು ವರ. ಹಾರುವ ಹಕ್ಕಿ ಅಷ್ಟರಲ್ಲಿ ಆಚೆ ದಡ ಸೇರಿರುತ್ತದೆ. ಬೇಸಿಗೆಯ ಬಿಸಿ ಗಾಳಿಯಲ್ಲಿ ದೂರದ ದಡದ ಹಕ್ಕಿಗಳು ಅಲೆಅಲೆಯಾಗಿ ಕಾಣುವುದಕ್ಕೆ ಯಾವ ಲೆನ್ಸೂ ಮದ್ದಲ್ಲ. ಅಂಥ ಹೊತ್ತಿನಲ್ಲಿ ಜೂಮ್ ಮಾಡುವುದನ್ನೇ ಬಿಟ್ಟು ಹತ್ತಿರದ ಬಂಡೆಗಳತ್ತ ತಿರುಗುತ್ತೇನೆ.

ಬ್ಯಾಟರಿ ಒಂದು ಚಾರ್ಜಿಗೆ ಅಧಿಕೃತವಾಗಿ 265 ಚಿತ್ರಗಳಷ್ಟು ಬರುತ್ತದೆ. ಎರಡನೆಯದನ್ನು ಜೊತೆಗಿಟ್ಟುಕೊಳ್ಳುವುದು ಅನಿವಾರ್ಯ. ಒಳಗೆ ಹೊರಗೆ ಚಾಚುವ ಲೆನ್ಸ್‌ಗಳೆಲ್ಲ ಧೂಳನ್ನು ಒಳಗೆಳೆದುಕೊಳ್ಳಬಹುದು, ಲೆನ್ಸ್ ಬಿಚ್ಚಲಾಗದ ಕಾರಣ ಮನೆಯಲ್ಲಿ ಒರೆಸುವಂತಿಲ್ಲ. ಹಳೆಯದನ್ನು ಕೊಳ್ಳುವವರು ಪೂರ್ಣ ಜೂಮ್‌ನಲ್ಲಿ ಖಾಲಿ ಆಕಾಶದ ಚಿತ್ರವೊಂದನ್ನು ತೆಗೆದು, ಬೂದು ಚುಕ್ಕೆಗಳಿವೆಯೇ ಎಂದು ನೋಡಿಕೊಂಡೇ ಹಣ ಕೊಡಲಿ.

ಈಚೆಗೆ ಅಕ್ಕನ ಮಗ ಕಬಿನಿಗೆ ಸಫಾರಿ ಹೊರಟವನು, ‘ಮಾಮ, ನಿಮ್ಮ ಕ್ಯಾಮೆರಾ ಕೊಡ್ತೀರಾ?’ ಎಂದು ಕೇಳಿದ. ಸಫಾರಿಯ ಜೀಪು ಹೊರಡುವುದು ಮುಂಜಾನೆ ಮತ್ತು ಇಳಿಹೊತ್ತಿನಲ್ಲಿ, ಹುಲಿ ಚಿರತೆಗಳು ಕಾಣಿಸಿದರೂ ಮರಗಳ ನೆರಳಿನಲ್ಲಿ, 25 ಮಿ.ಮೀ. ಕಿಂಡಿಗೆ ಅದು ಹೊತ್ತಲ್ಲ. ಬೆಂಗಳೂರಿನಲ್ಲಿ ದಿನಬಾಡಿಗೆಗೆ ದೊಡ್ಡ ಲೆನ್ಸ್ ಸಿಗುತ್ತದೆ, ಎರಡು ದಿನಕ್ಕೆ ತೆಗೆದುಕೊಂಡು ಹೋಗು, ಜೀಪಿನಲ್ಲಿ ಕೂತೇ ಇರುವುದರಿಂದ ತೂಕದ ಚಿಂತೆಯಿಲ್ಲ ಎಂದು ಹೇಳಿ, ಕಂಬಿಯ ಮೇಲೆ ಲೆನ್ಸ್ ಊರಿಕೊಳ್ಳಲು ಅಕ್ಕಿ ತುಂಬಿದ ಬಟ್ಟೆಯ ಚೀಲವೊಂದನ್ನು ಹೊಲಿಸಿಕೊಟ್ಟೆ.