ಅಪ್ಪೆಮಿಡಿ ಕೊಳ್ಳಲು ಹೊರಡುವ ಮುನ್ನ

ಶಿವಮೊಗ್ಗ ಜಿಲ್ಲೆಯ ರಿಪ್ಪನ್‌ಪೇಟೆ, ಸಾಗರದ ಕಡೆ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ) ಕೊಳ್ಳಲು ಹೊರಡುವವರು 10, 20, 50 ರೂಪಾಯಿಯ ನೋಟುಗಳನ್ನು ತಪ್ಪದೆ ಜೊತೆಗಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇನೆ. ಹೊಳೆಯಂಚಿನ ಮರ ಹತ್ತಿ ಮಿಡಿ ಕೊಯ್ದು ತರುವವರಲ್ಲಿ ಕೆಲವರ ಬಳಿ ಸ್ಮಾರ್ಟ್‌ಫೋನ್ ಇರುವುದಿಲ್ಲ, ಇದ್ದರೂ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ದುಡ್ಡು ಕೊಡುವ ಮುನ್ನ ಒಂದು ಮಿಡಿಯ ತೊಟ್ಟು ಮುರಿದು ನೋಡಿ: ಸೊನೆ ಚಿಮ್ಮಿ, ಅದರ ಪರಿಮಳ ಬೆರಳಿಗೆ ಅಂಟಿಕೊಂಡು ಉಳಿದರೆ ಧೈರ್ಯವಾಗಿ ಕೊಳ್ಳಬಹುದು. ಉಪ್ಪಿನಕಾಯಿಯ ಪರಿಮಳವೆಲ್ಲ ಆ ಸೊನೆಯಲ್ಲೇ ಇರುವುದರಿಂದ, ಉಳಿದ ಮಿಡಿಗಳ ತೊಟ್ಟನ್ನು ಅರ್ಧ ಇಂಚಿನಷ್ಟು ಬಿಟ್ಟು ಕತ್ತರಿಸಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ಭರಣಿಯಲ್ಲಿ ಕಲ್ಲುಪ್ಪಿನೊಂದಿಗೆ ಪದರಪದರವಾಗಿ ತುಂಬಬೇಕು. ಪುಡಿ ಉಪ್ಪು ನನಗೆ ಸರಿಬಂದಿಲ್ಲ. ಮಿಡಿ ಮುರುಟುವವರೆಗೆ ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಕೈಯಾಡಿಸಿ. ಒದ್ದೆ ಕೈ ಮಾತ್ರ ಭರಣಿಗೆ ತಾಗಲೇಬಾರದು.