ಚೌರಿಯ ಭಾರ ಎಲ್ಲಿ ಕೂರಬೇಕು

ಭರತನಾಟ್ಯದ ವೇಷಕ್ಕೆ ಸೊಂಟದವರೆಗೆ ಇಳಿಯುವ ಜಡೆ ಬೇಕು. ನನ್ನ ಸ್ವಂತ ಕೂದಲು ಭುಜದಿಂದ ತುಸು ಕೆಳಗಷ್ಟೇ ಬರುತ್ತದೆ. ಹಾಗಾಗಿ ಮೊದಲಿನಿಂದಲೂ ಚೌರಿ ಕಟ್ಟಿಯೇ ವೇದಿಕೆ ಏರಿದ್ದೇನೆ, ಈಗ ನನ್ನ ವಿದ್ಯಾರ್ಥಿನಿಯರಿಗೂ ನಾನೇ ಅದನ್ನು ಆರಿಸಿ ಕಟ್ಟಿಕೊಡುತ್ತೇನೆ. ಅಂಗಡಿಯಲ್ಲಿ ಹೆಚ್ಚಿನವರು ಮೊದಲು ಉದ್ದವನ್ನೂ ಬಣ್ಣವನ್ನೂ ನೋಡುತ್ತಾರೆ. ನಾನು ಮೊದಲು ಕೈಯಲ್ಲಿ ಹಿಡಿದು ತೂಕ ನೋಡುತ್ತೇನೆ. ಚೌರಿಯ ಜೊತೆಗೆ ಕುಚ್ಚು, ಜಡೆಬಿಲ್ಲೆ, ರಾಗಟೆ, ಮಲ್ಲಿಗೆ ದಂಡೆ ಎಲ್ಲವೂ ಸೇರಿದಾಗ, ಕಾರ್ಯಕ್ರಮ ಮುಗಿಯುವ ತನಕ ಆ ಭಾರವನ್ನು ಹೊರುವುದು ತಲೆಯ ಹಿಂಭಾಗದ ಒಂದು ಹಿಡಿ ಕೂದಲು. ವರ್ಷಗಟ್ಟಲೆ ಕೂದಲನ್ನು ಹೀಗೆ ಬಿಗಿದು ಜಗ್ಗುತ್ತಿದ್ದರೆ ಬುಡ ಸಡಿಲವಾಗಿ, ಹಣೆಯಂಚು ಹಿಂದೆ ಸರಿಯುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಷಿಯಾ ಎನ್ನುತ್ತಾರೆ. ಆರಂಭದಲ್ಲೇ ಎಳೆತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ, ತೀರ ತಡವಾದರೆ ಬರುವುದಿಲ್ಲ. ಆದ್ದರಿಂದ ಕೂದಲು ತೆಳುವಾಗಿರುವ ಹುಡುಗಿಗೆ ದಪ್ಪ ಚೌರಿ ಬೇಕೆಂದು ತಾಯಂದಿರು ಕೇಳಿದಾಗ ನಾನು ಒಪ್ಪುವುದಿಲ್ಲ. ತೆಳು ಕೂದಲಿಗೆ ಹಗುರವಾದ ಚೌರಿಯೇ ಸರಿ.

ವೇದಿಕೆಗೆ ನೈಲಾನ್ ಎಳೆಯ ಚೌರಿ ಸಾಕು, ಏಕೆಂದರೆ ಅದರ ಬಹುಭಾಗ ಹೂವು ಮತ್ತು ಬಿಲ್ಲೆಗಳ ಅಡಿಯಲ್ಲಿ ಮರೆಯಾಗುತ್ತದೆ. ಆದರೆ ಅತಿ ಕಪ್ಪಾದ, ನುಣುಪಾದ ಎಳೆ ವೇದಿಕೆಯ ದೀಪಕ್ಕೆ ನೀಲಿಯಾಗಿ ಹೊಳೆಯುತ್ತದೆ. ಬಣ್ಣವನ್ನು ಹಗಲು ಬೆಳಕಿನಲ್ಲಿ, ನಮ್ಮ ಕೂದಲಿನ ತುದಿಗೆ ಹೋಲಿಸಿ ನೋಡಬೇಕು. ಮದುವೆ, ಹಬ್ಬಗಳಲ್ಲಿ ಹತ್ತಿರದಿಂದ ನೋಡುವವರಿರುವಾಗ ನಾನು ನಿಜವಾದ ಕೂದಲಿನದನ್ನೇ ಬಳಸುತ್ತೇನೆ. ಖಾತ್ರಿಗೆ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿದರೆ ಸಾಕು: ನಿಜವಾದ ಕೂದಲು ಕಮಟು ವಾಸನೆ ಬೀರಿ ಬೂದಿಯಾಗುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ.

ನಿಜವಾದ ಕೂದಲಿನಲ್ಲಿಯೂ ಎರಡು ಬಗೆಯಿದೆ. ತಿರುಮಲದಲ್ಲಿ ಭಕ್ತರು ಕೊಟ್ಟ ಮುಡಿಯನ್ನು ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಇ-ಹರಾಜಿನಲ್ಲಿ ಮಾರುತ್ತಾರೆ. ಇಂತಹ ಕೂದಲಿನಲ್ಲಿ ಬುಡ ಒಂದೆಡೆ, ತುದಿ ಇನ್ನೊಂದೆಡೆ ಇರುವಂತೆ ಕಾಯ್ದುಕೊಂಡದ್ದನ್ನು ವ್ಯಾಪಾರದಲ್ಲಿ ರೆಮಿ ಎಂದು ಕರೆಯುತ್ತಾರೆ. ಇನ್ನೊಂದು, ಬಾಚಣಿಗೆಯಲ್ಲಿ ಉದುರಿ ಉಂಡೆಯಾದ ಕೂದಲನ್ನು ಮನೆಮನೆಯಿಂದ ಕೊಂಡು, ಸಿಕ್ಕು ಬಿಡಿಸಿ ಮಾಡಿದ್ದು. ಕೊಪ್ಪಳದ ಭಾಗ್ಯನಗರದಲ್ಲಿ ಎಷ್ಟೋ ಕುಟುಂಬಗಳು ಈ ಕೆಲಸದಿಂದ ಬದುಕುತ್ತಿವೆ, ಅಲ್ಲಿನ ಮಹಿಳೆಯರ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಉದುರಿದ ಕೂದಲಿನಲ್ಲಿ ಬುಡ-ತುದಿಗಳು ಬೆರೆತಿರುವುದರಿಂದ, ಮೇಲ್ಪದರದ ಸಣ್ಣ ಹುರುಪೆಗಳು ಒಂದಕ್ಕೊಂದು ಎದುರಾಗಿ ಸಿಕ್ಕಾಗುತ್ತವೆ. ಆದ್ದರಿಂದ ಹುರುಪೆಯನ್ನು ಆಮ್ಲದಿಂದ ತೆಗೆದು ಸಿಲಿಕೋನ್ ಲೇಪಿಸುವುದುಂಟು; ಒಂದಷ್ಟು ಸಲ ತೊಳೆದ ಮೇಲೆ ಆ ನುಣುಪು ಉಳಿಯುವುದಿಲ್ಲ.

ಕಟ್ಟುವ ದಿನ ತಲೆಗೆ ಎಣ್ಣೆ ಹಚ್ಚಬಾರದು, ಪಿನ್ನುಗಳು ಜಾರುತ್ತವೆ. ನಾನು ಕೂದಲನ್ನು ಹಿಂದಕ್ಕೆ ಬಾಚಿ, ರಬ್ಬರ್ ಬ್ಯಾಂಡಿನ ಬದಲು ಕಪ್ಪು ಉಲ್ಲನ್ ದಾರದಿಂದ ಕಟ್ಟಿ, ಕಟ್ಟಿನ ಕೆಳಗೆ ಸ್ವಂತ ಕೂದಲನ್ನೇ ಎರಡು ಮೂರು ಹೆಣಿಗೆ ಹೆಣೆದು, ಅನಂತರ ಚೌರಿಯ ಮೂರು ಕಾಲುಗಳನ್ನು ಜಡೆಯ ಮೂರು ಕಾಲುಗಳಿಗೆ ಸೇರಿಸಿ ಮುಂದುವರಿಯುತ್ತೇನೆ. ಚೌರಿಯ ತಲೆಯ ಕುಣಿಕೆಯನ್ನು ಮೇಲಿನ ಕಟ್ಟಿಗೆ ಸುತ್ತಿ, ಎರಡೂ ಬದಿಯಿಂದ ಯು-ಪಿನ್ನುಗಳನ್ನು ಒಂದನ್ನೊಂದು ದಾಟುವಂತೆ ಸಿಕ್ಕಿಸುತ್ತೇನೆ. ಹೀಗೆ ಮಾಡಿದಾಗ ಭಾರ ಒಂದೇ ಬಿಂದುವಿನಲ್ಲಿ ನೇತಾಡದೆ ಇಡೀ ಹೆಣಿಗೆಗೆ ಹಂಚಿಹೋಗುತ್ತದೆ, ಸೇರಿಕೆಯೂ ಕಾಣುವುದಿಲ್ಲ. ಕೊನೆಗೆ ಜಡೆಯನ್ನು ಡಾಬಿನ ಅಡಿಯಿಂದ ತಂದು ಭದ್ರಪಡಿಸಬೇಕು, ಇಲ್ಲವಾದರೆ ಭ್ರಮರಿಯಲ್ಲಿ ಸುತ್ತುವಾಗ ಅದು ಬೀಸಿ ಬುಡವನ್ನು ಜಗ್ಗುತ್ತದೆ. ಎಲ್ಲ ಮುಗಿದ ಮೇಲೆ ಹುಡುಗಿಗೆ ಅರೆಮಂಡಿಯಲ್ಲಿ ಕುಳಿತು ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಹೇಳುತ್ತೇನೆ. ಎಲ್ಲಿಯಾದರೂ ನೋವಾದರೆ, ಎಷ್ಟೇ ಅವಸರವಿದ್ದರೂ, ಬಿಚ್ಚಿ ಮತ್ತೆ ಕಟ್ಟುತ್ತೇನೆ.

ಬಿಡಿ ಕೂದಲಿಗೆ ಕ್ಲಿಪ್ಪಿನ ಎಕ್ಸ್‌ಟೆನ್ಷನ್ ಒಳ್ಳೆಯದು. ಹಣೆಯಂಚಿನಿಂದ ಎರಡು ಬೆರಳಾದರೂ ಒಳಗೆ ಹಾಕಿ, ಮಲಗುವ ಮುನ್ನ ತೆಗೆಯಬೇಕು. ಅಂಟಿನ ಟೇಪಿನದನ್ನು ನಾನು ಯಾರಿಗೂ ಸೂಚಿಸುವುದಿಲ್ಲ: ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡುವ ನಮ್ಮ ಮನೆಗಳಲ್ಲಿ ಎಣ್ಣೆ ಆ ಅಂಟನ್ನು ಬಿಡಿಸಿಬಿಡುತ್ತದೆ.

ಕಾರ್ಯಕ್ರಮ ಮುಗಿದ ರಾತ್ರಿಯೇ ಹೂವು ತೆಗೆದು, ಹೆಣಿಗೆ ಬಿಚ್ಚಿ, ಬೆವರಿನ ತೇವ ಆರುವಂತೆ ಚೌರಿಯನ್ನು ಗಾಳಿಗೆ ಹಾಕಬೇಕು. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಆರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸುತ್ತೇನೆ. ಪ್ರತಿ ಸಲ ತೊಳೆಯುವ ಅಗತ್ಯವಿಲ್ಲ. ಜಿಗುಟೆನಿಸಿದಾಗ ತಣ್ಣೀರಿನಲ್ಲಿ ಸೌಮ್ಯವಾದ ಶಾಂಪೂ ಕದಡಿ, ಉಜ್ಜದೆ, ಬುಡದಿಂದ ತುದಿಗೆ ಸವರಿ ತೊಳೆದು, ಟವೆಲಿನ ಮೇಲೆ ನೆರಳಿನಲ್ಲಿ ಹರಡುತ್ತೇನೆ. ನೈಲಾನಿನದಕ್ಕೆ ಸ್ಟ್ರೈಟ್ನರ್ ಮುಟ್ಟಿಸಲೇಬಾರದು. ಹೇನು ಒಬ್ಬರಿಂದ ಒಬ್ಬರಿಗೆ ಹರಡದಂತೆ ನಮ್ಮ ತರಗತಿಯಲ್ಲಿ ಪ್ರತಿಯೊಬ್ಬಳಿಗೂ ಅವಳದೇ ಚೌರಿ, ಹೆಸರು ಬರೆದ ಹತ್ತಿಬಟ್ಟೆಯ ಚೀಲವಿದೆ. ತಲೆಭಾಗದ ಹೊಲಿಗೆ ಸಡಿಲವಾಗಿ ಎಳೆಗಳು ಉದುರತೊಡಗಿದರೆ ಮತ್ತೆ ಹೊಲಿಯಬಹುದು. ಬಾಚಿದರೂ ತುದಿಗಳು ಬಿಡದೆ ಗಂಟುಗಟ್ಟುತ್ತಿದ್ದರೆ ಆ ಚೌರಿಯನ್ನು ಅಭ್ಯಾಸಕ್ಕೆ ಇಟ್ಟುಕೊಂಡು, ವೇದಿಕೆಗೆ ಹೊಸದನ್ನು ತರಿಸುತ್ತೇನೆ.